ಹದಿಮೂರು ತಪ್ಪಿದ ಊರು

ಚಂಡೀಗಢದಲ್ಲಿ ಊರಿನ ಮೂಲೆಮೂಲೆಯನ್ನೂ ಸೆಕ್ಟರ್ ಅಂಕಿಯಲ್ಲೇ ಗುರುತಿಸುತ್ತಾರೆ. ಹದಿನೇಳು ಎಂದರೆ ಪೇಟೆ, ಹದಿನಾರು ಎಂದರೆ ಗುಲಾಬಿ ತೋಟ, ಹನ್ನೆರಡು ಎಂದರೆ ಪಿಜಿಐ ಆಸ್ಪತ್ರೆ, ಹದಿನಾಲ್ಕು ಎಂದರೆ ಪಂಜಾಬ್ ವಿಶ್ವವಿದ್ಯಾಲಯ. ನಡುವಿನ ಹದಿಮೂರು? ಅದು ನಕ್ಷೆಯಲ್ಲೇ ಇರಲಿಲ್ಲ. ಅಪಶಕುನವೆಂದು ಬಿಟ್ಟರಂತೆ ಎಂಬ ಮಾತು ಈಗಲೂ ಓಡಾಡುತ್ತದೆ.

ದೇಶ ಒಡೆದಾಗ ಲಾಹೋರ್ ಆಚೆ ಉಳಿಯಿತು; ಪಂಜಾಬಿಗೆ ರಾಜಧಾನಿ ಇಲ್ಲವಾಯಿತು. ಶಿವಾಲಿಕ್ ಬೆಟ್ಟಗಳ ಬುಡದಲ್ಲಿ ಜಾಗ ಗೊತ್ತಾಯಿತು. ಮೊದಲ ನಕ್ಷೆ ಆಲ್ಬರ್ಟ್ ಮೇಯರ್ ಅವರದು. ಅವರ ಜೊತೆಗಾರ ಮ್ಯಾಥ್ಯೂ ನೊವಿಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಕೆಲಸ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಕೈಗೆ ಬಂತು. ಅವರು ಬಂದುಹೋಗುತ್ತಿದ್ದವರು, ನಿಂತು ಊರು ಕಟ್ಟಿಸಿದವರು ಅವರ ಸಂಬಂಧಿ ಪಿಯರ್ ಜೆನರೆ. ಜೆನರೆ ಅವರ ಚಿತಾಭಸ್ಮವನ್ನು ಬಿಟ್ಟದ್ದೂ ಇಲ್ಲಿಯ ಸುಖ್ನಾ ಕೆರೆಯಲ್ಲೇ.

ಒಂದೊಂದು ಸೆಕ್ಟರ್ ಸುಮಾರು 800 ಮೀಟರ್ ಅಗಲ, 1200 ಮೀಟರ್ ಉದ್ದ. ಶಾಲೆ, ಅಂಗಡಿ, ಉದ್ಯಾನ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಇಷ್ಟು ಗೆರೆ ಎಳೆದವರು ಒಂದು ಕಡೆ ಮಾತ್ರ ಸ್ಕೇಲು ಕೆಳಗಿಟ್ಟರು: ಮಳೆಗಾಲದ ಹಳ್ಳವೊಂದು ಊರಿನ ನಡುವೆ ಹರಿಯುತ್ತಿತ್ತು. ಇಂಥ ಹಳ್ಳಕ್ಕೆ ಅಲ್ಲಿಯವರು ‘ಚೋ’ ಎನ್ನುತ್ತಾರೆ. ಅದರ ಅಂಕುಡೊಂಕು ಪಾತ್ರವನ್ನು ಮುಚ್ಚದೆ ತೋಟಗಳ ಸಾಲಾಗಿಸಿದರು. ಅದೇ ಲೀಷರ್ ವ್ಯಾಲಿ. ನೆಟ್ಟನೆಯ ರಸ್ತೆಗಳಲ್ಲಿ ತಿರುಗಿ ಬೇಸತ್ತ ಕಾಲಿಗೆ ಈ ಕಣಿವೆಯೇ ಸಮಾಧಾನ.

ನಕ್ಷೆಗಾಗಿ ಹಳ್ಳಿಗಳು ನೆಲಸಮವಾದವು. ಆ ಮನೆಗಳ ಹಂಚು, ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಸೈಕಲ್ಲಿನಲ್ಲಿ ಹೇರಿಕೊಂಡು ಹೋಗುತ್ತಿದ್ದವರು ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್ ನೇಕ್ ಚಂದ್. ಕಟ್ಟಡಕ್ಕೆ ಅನುಮತಿ ಇಲ್ಲದ ಕಾಡಿನಲ್ಲಿ 1957ರ ಸುಮಾರಿಗೆ ಶುರುಮಾಡಿ, ವರ್ಷಗಟ್ಟಲೆ ಯಾರಿಗೂ ಹೇಳದೆ ಗೊಂಬೆಗಳ ಒಂದು ರಾಜ್ಯವನ್ನೇ ಕಟ್ಟಿದರು. ಸಿಕ್ಕಿಬಿದ್ದಾಗ ಕೆಡವುವ ಮಾತೂ ಬಂತು. ಆದರೆ 1976ರಲ್ಲಿ ಅದೇ ರಾಕ್ ಗಾರ್ಡನ್ ಆಗಿ ಜನರಿಗೆ ತೆರೆಯಿತು. ಹತ್ತಿರದ ಸರ್ಕಾರಿ ಕಟ್ಟಡಗಳ ಗುಂಪು ಕ್ಯಾಪಿಟಲ್ ಕಾಂಪ್ಲೆಕ್ಸ್ 2016ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು, ನಿಜ. ಮಕ್ಕಳು ಕೈಹಿಡಿದು ಎಳೆಯುವುದು ಮಾತ್ರ ನೇಕ್ ಚಂದ್ ಕಡೆಗೇ.

ಐದು ಲಕ್ಷ ಜನಕ್ಕೆಂದು ಅಳೆದ ಊರಿನಲ್ಲಿ 2011ರ ಜನಗಣತಿ ಹೊತ್ತಿಗೆ ಹತ್ತೂವರೆ ಲಕ್ಷ ಜನ.

ಹದಿಮೂರೂ ಕೊನೆಗೆ ಬಂತು. ಚಂಡೀಗಢಕ್ಕಿಂತ ಹಳೆಯದಾದ, ಕೋಟೆಯೂ ಇರುವ ಮಣಿಮಾಜ್ರಾಕ್ಕೆ 2020ರಲ್ಲಿ ಆಡಳಿತ ಆ ಅಂಕಿ ಕೊಟ್ಟಿತು. ಹುಡುಕಿಕೊಂಡು ಹೋಗುವವರು ಹನ್ನೆರಡು, ಹದಿನಾಲ್ಕರ ನಡುವೆ ಅಲೆಯಬೇಡಿ. ಊರಿನ ಪೂರ್ವದ ತುದಿಗೆ ಆಟೊ ಹಿಡಿಯಿರಿ.