ಮಳೆಗಾಲದ ಅಂಗಳ: ಮನೆಯ ಹಿರಿಯರು ಜಾರಿ ಬೀಳದಿರಲು

ಹೋದ ವರ್ಷ ಆಷಾಢದಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದಳು. ಮನೆಯಿಂದ ಕೊಟ್ಟಿಗೆಗೆ ಹತ್ತೇ ಮಾರು ದಾರಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಾಲಿನ ತಂಬಿಗೆ, ಕಾಲಲ್ಲಿ ತಳ ಸವೆದ ಹವಾಯಿ ಚಪ್ಪಲಿ. ಸೊಂಟದ ಹತ್ತಿರ ಮೂಳೆ ಮುರಿದು ಆಪರೇಷನ್ ಆಯ್ತು. ಮೂರು ತಿಂಗಳು ದನದ ಮುಖ ನೋಡಲಿಲ್ಲ.

"ಇನ್ಮೇಲೆ ಹೊರಗೆ ಇಳೀಬೇಡ, ಸುಮ್ನೆ ಕೂತಿರು" ಅಂತ ಗದರಿದ್ದೆ. ಅದು ನನ್ನ ತಪ್ಪು. ವಯಸ್ಸಾದವರು ಕೂತಷ್ಟೂ ಕಾಲಿನ ಬಲ ಇಳಿಯುತ್ತೆ, ಆಮೇಲೆ ಮನೆಯೊಳಗೇ ತಡವರಿಸ್ತಾರೆ. ಹಾಗಾಗಿ ಈ ಸಲ ಮಳೆ ಹಿಡಿಯೋ ಮೊದಲೇ ದಾರಿ ಸರಿ ಮಾಡಿದೆ.

ನಮ್ಮ ಮಲೆನಾಡಲ್ಲಿ ಮೊದಲ ಶತ್ರು ಹಾವಸೆ. ಸಿಮೆಂಟ್ ಅಂಗಳವಾದರೆ ಮಳೆ ಹೊಳವಾದ ದಿನ ಬ್ಲೀಚಿಂಗ್ ಪೌಡರ್ ಉದುರಿಸಿ, ಅರ್ಧ ಗಂಟೆ ಬಿಟ್ಟು, ಗಟ್ಟಿ ಪೊರಕೆಯಲ್ಲಿ ಉಜ್ಜಿ ತೊಳೀರಿ. ಉಜ್ಜದೆ ಬಿಟ್ಟರೆ ಸತ್ತ ಹಾವಸೆಯೂ ಜಾರುತ್ತೆ. ಆ ನೀರು ಬಾವಿಗೆ, ದನ ಕುಡಿಯೋ ತೊಟ್ಟಿಗೆ ಹೋಗಬಾರದು. ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಲೇಬೇಡಿ, ವಿಷಗಾಳಿ ಏಳುತ್ತೆ. ಇಡೀ ಅಂಗಳ ಉಜ್ಜೋಕೆ ಪುರುಸೊತ್ತಿಲ್ಲ ಅಂದ್ರೆ ಮೂರಡಿ ಅಗಲದ ಒಂದು ದಾರಿ ಸಾಕು. ಮಣ್ಣಿನ ಅಂಗಳಕ್ಕೆ ನಾನು ಜಲ್ಲಿ ಪುಡಿ ಹಾಕಿಸಿದೆ. ಹಿಮ ಬೀಳೋ ದೇಶಗಳಲ್ಲಿ ಮಂಜುಗಡ್ಡೆ ಮೇಲೆ ಮರಳು ಎರಚೋದೂ ಇದೇ ಲೆಕ್ಕದಲ್ಲಿ, ಕಾಲಿಗೆ ಹಿಡಿತ ಸಿಗಲಿ ಅಂತ.

ಅಡಿಕೆ ಸೋಗೆ ಹಾಸೋದು ಹಳೇ ಪದ್ಧತಿ, ಒಳ್ಳೇದೇ. ಆದ್ರೆ ಕೊಳೆತ ಸೋಗೆ ತಾನೇ ಜಾರುತ್ತೆ, ಆಗಾಗ ಬದಲಿಸಿ. ಅಡಿಕೆ ದಬ್ಬೆ ಹಾಕಿದ್ದರೆ ಅದರ ಮೇಲೆ ಅಡ್ಡಪಟ್ಟಿ ಹೊಡೀರಿ. ಹಿಡ್ಕೊಳ್ಳೋಕೆ ಹಗ್ಗ ಕಟ್ಟಬೇಡಿ, ಭಾರ ಹಾಕಿದ್ರೆ ತೂಗಾಡುತ್ತೆ. ಗಟ್ಟಿ ಗೂಟಕ್ಕೆ ಬಿದಿರು ಗಳವೋ ಜಿಐ ಪೈಪೋ ಕಟ್ಟಿ.

ಜೊತೆಗೆ ನಡೆಸುವಾಗ ನಾವು ಮಾಡೋ ದೊಡ್ಡ ತಪ್ಪು ಅವರ ರಟ್ಟೆ ಹಿಡಿದು ಎಳೆಯೋದು. ನೀವು ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ನಿಂತು ನಿಮ್ಮ ತೋಳು ಕೊಡಿ, ಅವರೇ ಹಿಡ್ಕೊಳ್ಳಲಿ. ಕೊಡೆ ನಿಮ್ಮ ಕೈಲಿರಲಿ. ಪುಟ್ಟ ಹೆಜ್ಜೆ, ಪೂರ್ತಿ ಪಾದ ಊರಿ. ಗಡಿಬಿಡಿ ಬೇಡ. ಹಿಮ್ಮಡಿಗೆ ಪಟ್ಟಿ ಇರೋ, ತಳದಲ್ಲಿ ಗೀರು ಇರೋ ಚಪ್ಪಲಿ ತಂದುಕೊಡಿ. ಊರುಗೋಲಿನ ತುದಿಯ ರಬ್ಬರ್ ಸವೆದಿದೆಯಾ ನೋಡಿ, ಇದನ್ನ ಯಾರೂ ನೋಡಲ್ಲ.

ಇಷ್ಟಾದರೂ ಬಿದ್ದರೆ? ತಕ್ಷಣ ಎತ್ತಿ ನಿಲ್ಲಿಸಬೇಡಿ. ಅಮ್ಮನನ್ನ ನಾನು ಹಾಗೇ ಎತ್ತೋಕೆ ಹೋಗಿದ್ದೆ, ಅವಳ ಕೂಗು ಇನ್ನೂ ಕಿವೀಲಿದೆ. ತೊಡೆಸಂದಿಯಲ್ಲಿ ನೋವು, ಕಾಲು ಊರೋಕಾಗಲ್ಲ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತಿದೆ ಅಂದ್ರೆ ಮೂಳೆ ಮುರಿದಿರಬಹುದು. ಎಣ್ಣೆ ತಿಕ್ಕೋದು, ಎಳೆಯೋದು ಬೇಡ. ಕಂಬಳಿ ಹೊದಿಸಿ 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ತಿದ್ದರೆ, ಚೆನ್ನಾಗೇ ಮಾತಾಡ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟದ ಕಡೆ ಹೋಗುವಾಗ ಫೋನನ್ನು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಡಿ, ಒಂದೇ ಬಟನ್ ಒತ್ತಿದ್ರೆ ನಿಮಗೆ ಬರೋ ಹಾಗೆ ಮಾಡಿಡಿ.

ಅಮ್ಮ ಈಗ ದಿನಾ ಬೆಳಿಗ್ಗೆ ಪೈಪ್ ಹಿಡ್ಕೊಂಡು ಕೊಟ್ಟಿಗೆಗೆ ಹೋಗ್ತಾಳೆ. ಹಾಲಿನ ತಂಬಿಗೆ ಮಾತ್ರ ನಾನೇ ತರೋದು.