ದಸರಾ ರಜೆ: ವರ್ಕ್‌ಶೀಟ್ ಬದಿಗಿಡಿ, ಮಗುವನ್ನು ಅಂಗಳಕ್ಕೆ ಬಿಡಿ

ದಸರಾ ರಜೆ ಬಂತೆಂದರೆ ಮಕ್ಕಳಿಗೆ ಸಂಭ್ರಮ, ತಾಯಂದಿರಿಗೆ ಆತಂಕ. ಬೆಳಿಗ್ಗೆ ಬ್ಯಾಗ್ ಹೆಗಲಿಗೇರಿಸಿ ಹೊರಡುತ್ತಿದ್ದ ಮಕ್ಕಳು ಈಗ ದಿನವಿಡೀ ಮನೆಯಲ್ಲಿ. 2025ರಲ್ಲಂತೂ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆಂದು ಘೋಷಿಸಿದ್ದ ರಜೆಯನ್ನು ಶಿಕ್ಷಕರು ಸಮೀಕ್ಷೆಯ ಕೆಲಸದಲ್ಲಿದ್ದ ಕಾರಣ ಸರಕಾರವು ಅಕ್ಟೋಬರ್ 18ರವರೆಗೆ ವಿಸ್ತರಿಸಿತು. ಆ ಹೆಚ್ಚುವರಿ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಮಗುವನ್ನು ನೋಡಿಕೊಂಡದ್ದು ಉಮ್ಮನಲ್ಲ, ಮೊಬೈಲು. ಎರಡರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆದರೆ ಮೊಬೈಲ್ ಕಿತ್ತುಕೊಂಡ ಮೇಲೆ ಮಗುವಿನ ಕೈಗೆ ಏನು ಕೊಡಬೇಕು? ಇದನ್ನು ಹೇಳದೆ ಬರೀ ಉಪದೇಶ ಮಾಡಿದರೆ ಪ್ರಯೋಜನವಿಲ್ಲ.

ಎರಡು ದಶಕಗಳಿಂದ ಬೆಳಿಗ್ಗೆ ಮದ್ರಸದಲ್ಲಿಯೂ ಆಮೇಲೆ ಶಾಲೆಯಲ್ಲಿಯೂ ಚಿಕ್ಕ ಮಕ್ಕಳ ನಡುವೆಯೇ ಇರುವ ನನಗೆ ತಾಯಂದಿರಿಂದ ಹೆಚ್ಚಾಗಿ ಕೇಳಿಬರುವ ಮಾತು ಇದು: "ನಾನು ಅಷ್ಟು ಓದಿದವಳಲ್ಲ, ನಾನೇನು ಕಲಿಸಲಿ? ಟ್ಯೂಷನ್‌ಗೆ ಕಳಿಸುವುದೇ ಒಳ್ಳೆಯದಲ್ಲವೇ?" ಸಹೋದರಿಯರೇ, ಎಂಟು ವರ್ಷದೊಳಗಿನ ಮಗುವಿಗೆ ಕಲಿಸಲು ಡಿಗ್ರಿ ಬೇಕಿಲ್ಲ. ನಿಮ್ಮ ಅಡುಗೆಮನೆ, ಅಂಗಳ, ನಿಮ್ಮ ಮಾತು ಇವಿಷ್ಟು ಸಾಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿದ 'ನಲಿಕಲಿ'ಯ ತಿರುಳೂ ಅದೇ: ಆಟವಾಡುತ್ತಾ, ಕೈಯಲ್ಲಿ ಮಾಡುತ್ತಾ, ತನ್ನದೇ ವೇಗದಲ್ಲಿ ಮಗು ಕಲಿಯಲಿ ಎಂಬುದು. ಶಾಲೆಗಳು ಇದನ್ನು ಒಪ್ಪಿಕೊಂಡು ವರ್ಷಗಳಾದರೂ ಮನೆಗಳಲ್ಲಿ ಮಾತ್ರ ಕಲಿಕೆ ಎಂದರೆ ಇನ್ನೂ ಪೆನ್ಸಿಲು ಮತ್ತು ಬೈಗುಳ!

ಕೆಲವು ಖಾಸಗಿ ನರ್ಸರಿಗಳು ರಜೆಗೆಂದು ವರ್ಕ್‌ಶೀಟ್‌ಗಳ ಕಟ್ಟನ್ನೇ ಕೊಟ್ಟು ಕಳಿಸುತ್ತವೆ. ಅದರಲ್ಲಿ 'ಆಟಮ್' ಎಂದು ಬರೆದು, ಕಿತ್ತಳೆ ಬಣ್ಣದ ಎಲೆ ಉದುರುವ ಮರ, ಕುಂಬಳಕಾಯಿ, ಉಣ್ಣೆಯ ಟೊಪ್ಪಿ ಹಾಕಿದ ಹುಡುಗ. ಮಗು ಅದಕ್ಕೆ ಬಣ್ಣ ತುಂಬಬೇಕು. ನಮ್ಮ ಶರತ್ಕಾಲದಲ್ಲಿ ಎಲೆ ಉದುರುವುದುಂಟೇ? ನಮ್ಮ ಸಾಗುವಾನಿ ಎಲೆ ಕಳಚುವುದು ಚಳಿಗಾಲ ಕಳೆದು ಒಣಹವೆ ಬಂದಾಗ. ದಸರಾ ಹೊತ್ತಿಗೆ ಇಲ್ಲಿ ಮರಗಳು ಮಳೆಯಲ್ಲಿ ತೊಳೆದಿಟ್ಟಂತೆ ಹಸಿರಾಗಿರುತ್ತವೆ. ಹಳದಿಯಾಗುವುದು ಭತ್ತದ ಗದ್ದೆ. ಕಿಟಕಿಯಾಚೆ ಕಾಣುವುದೊಂದು, ಕಾಗದದಲ್ಲಿ ಇರುವುದೊಂದು. ಹಾಗಾದರೆ ಮಗು ಯಾವುದನ್ನು ನಂಬಬೇಕು? ಕೊನೆಗೆ ಆ ಹಾಳೆಗಳನ್ನು ತುಂಬುವವಳು ಐದನೇ ತರಗತಿಯ ಅಕ್ಕ. ಶಿಕ್ಷಕಿಗೂ ಅದು ಗೊತ್ತು, ತಾಯಿಗೂ ಗೊತ್ತು.

ಅದರ ಬದಲು ಮಗುವನ್ನು ಕರೆದುಕೊಂಡು ಹಿತ್ತಿಲಿಗೆ ಹೋಗಿ ಐದು ಬಗೆಯ ಎಲೆ ತನ್ನಿ. ಮಾವು, ಹಲಸು, ವೀಳ್ಯದೆಲೆ, ಕರಿಬೇವು, ನುಗ್ಗೆ ಏನು ಸಿಗುತ್ತದೋ ಅದು. ಉದ್ದ-ಗಿಡ್ಡ, ನಯ-ಒರಟು, ಒಂಟಿ ಎಲೆ-ಗೊಂಚಲು ಎಲೆ ಎಂದು ಮಗುವೇ ಗುಂಪು ಮಾಡಲಿ. ಹಲಸಿನ ಎಲೆಯನ್ನು ಮಗುಚಿಟ್ಟು ಮೇಲೆ ತೆಳು ಕಾಗದ ಹಾಸಿ ಕ್ರೇಯಾನ್‌ನಿಂದ ಉಜ್ಜಿದರೆ ನರಗಳು ಮೂಡಿಬರುತ್ತವೆ. ಮಗುವಿಗೆ ಅದು ಜಾದೂ! ಫ್ಲಾಟಿನಲ್ಲಿರುವವರು ಅಡುಗೆಗೆ ತಂದ ಸೊಪ್ಪಿನಲ್ಲೇ ಇದನ್ನು ಮಾಡಬಹುದು.

ಲೆಕ್ಕ ಕಲಿಸಲು ನಮ್ಮ ಅಜ್ಜಿಯರ ಬಳಿ ಇದ್ದ ಸಾಧನ ಅಳಗುಳಿಮಣೆ, ಕರಾವಳಿಯವರ ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಬೀಜ. ಮಣೆ ಇಲ್ಲವೆಂದು ಕೊರಗಬೇಡಿ. ನೆಲದಲ್ಲಿ ಸೀಮೆಸುಣ್ಣದಿಂದ ಹದಿನಾಲ್ಕು ವೃತ್ತ ಬರೆದು ಹುಣಸೆಬೀಜ ಹಾಕಿದರಾಯಿತು. ಆಟದ ನಿಯಮ ಆಮೇಲೆ. ಮೊದಲು ಮಗು ಪ್ರತಿ ಗುಳಿಗೆ ನಾಲ್ಕರಂತೆ ಹಂಚಲಿ. ನಿನ್ನ ಕಡೆ ಎಷ್ಟು? ಇಪ್ಪತ್ತೆಂಟು. ನನ್ನ ಕಡೆ? ಇಪ್ಪತ್ತೆಂಟು. ಎಲ್ಲ ಸೇರಿ ಐವತ್ತಾರು. ನಾಲ್ಕರ ಮಗ್ಗಿಯನ್ನು ಬಾಯಿಪಾಠ ಮಾಡುವ ಮೊದಲೇ ಮಗುವಿನ ಬೆರಳು ಅದನ್ನು ಕಲಿತಿರುತ್ತದೆ. ನಾಲ್ಕು ವರ್ಷದವರಿಗೆ ಇಷ್ಟು ಬೇಡ, ಹತ್ತರವರೆಗೆ ಎಣಿಸಿದರೆ ಸಾಕು. ಇಲ್ಲಿ ಒಂದು ಎಚ್ಚರಿಕೆ: ಬೀಜವೆಂದು ಗುಲಗಂಜಿಯನ್ನು ಕೊಡಬೇಡಿ. ಕೆಂಪು ಮೈಗೆ ಕಪ್ಪು ಚುಕ್ಕೆಯಿರುವ ಆ ಬೀಜ ನೋಡಲು ಚೆಂದ, ಆದರೆ ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮೂರು ವರ್ಷದೊಳಗಿನ ಮಗುವಿನ ಕೈಗೆ ಯಾವ ಬೀಜವೂ ಬೇಡ. ಬಾಯಿ, ಮೂಗು, ಕಿವಿ ಮೂರೂ ಅದಕ್ಕೆ ಡಬ್ಬಿಗಳೇ.

ಇನ್ನು ಅಕ್ಷರದ ವಿಷಯ. ಇಲ್ಲಿ ನಮ್ಮ ಮಕ್ಕಳ ಕಷ್ಟವನ್ನು ಸ್ವಲ್ಪ ಅರ್ಥಮಾಡಿಕೊಳ್ಳಬೇಕು. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ. ಬೆಳಿಗ್ಗೆ ಏಳಕ್ಕೆ ಬಲದಿಂದ ಎಡಕ್ಕೆ ಬರೆದ ಮಗು ಹತ್ತಕ್ಕೆ ಎಡದಿಂದ ಬಲಕ್ಕೆ ಬರೆಯಬೇಕು. ಐದು-ಆರು ವರ್ಷದ ಮಗು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದರೆ ಗಾಬರಿಯಾಗಬೇಡಿ, ಹೊಡೆಯಲೂ ಬೇಡಿ. ಒಂದೇ ಲಿಪಿ ಕಲಿಯುವ ಮಕ್ಕಳಲ್ಲಿಯೂ ಆ ವಯಸ್ಸಿನಲ್ಲಿ ಇದು ಸಾಮಾನ್ಯ. ತಟ್ಟೆಯಲ್ಲಿ ರವೆ ಹರಡಿ, ಅರಬಿಗೆ ಬಲತುದಿಯಲ್ಲಿ ಒಂದು ಕಡಲೆ, ಕನ್ನಡಕ್ಕೆ ಎಡತುದಿಯಲ್ಲಿ ಒಂದು ಕಡಲೆ ಇಡಿ. "ಬೆರಳು ಇಲ್ಲಿಂದ ಹೊರಡಲಿ" ಎಂದರೆ ಸಾಕು.

ರೊಟ್ಟಿಗೆ ಅಕ್ಕಿಹಿಟ್ಟು ನಾದುವಾಗ ಒಂದು ಉಂಡೆ ಮಗುವಿಗೆ ಕೊಡಿ. ಹಿಟ್ಟನ್ನು ಹೊಸೆದು ದೋಣಿಯಂತೆ ಬಾಗಿಸಲಿ. ಕೆಳಗೆ ಒಂದು ಕಡಲೆ ಇಟ್ಟರೆ 'ಬಾ', ಮೇಲೆ ಎರಡಿಟ್ಟರೆ 'ತಾ', ಮೂರಿಟ್ಟರೆ 'ಸಾ'. ಒಂದೇ ದೋಣಿ, ಮೂರು ಅಕ್ಷರ! ಕನ್ನಡದಲ್ಲಿಯೂ ಹಾಗೆಯೇ, 'ಪ'ದ ಹೊಟ್ಟೆಯಲ್ಲೊಂದು ಗೆರೆ ಎಳೆದರೆ 'ಷ'. ಇವನ್ನು ನೋಟ್‌ಪುಸ್ತಕದಲ್ಲಿ ನೂರು ಸಲ ಬರೆಸುವುದಕ್ಕಿಂತ ಹಿಟ್ಟಿನಲ್ಲಿ ಮೂರು ಸಲ ಮಾಡಿಸುವುದು ಮೇಲು. ಆ ಹಿಟ್ಟು ಆಮೇಲೆ ಕಾವಲಿಗೂ ಹೋಗಲಿ. ತಾನು ಬರೆದದ್ದನ್ನು ತಿನ್ನುವ ಭಾಗ್ಯ ಎಷ್ಟು ವಿದ್ಯಾರ್ಥಿಗಳಿಗಿದೆ?

ಹಬ್ಬ ನಮ್ಮದಲ್ಲದಿರಬಹುದು, ಆದರೆ ಬೀದಿ ನಮ್ಮೆಲ್ಲರದು. ಮಂಗಳೂರಿನ ಕಡೆ ಈ ದಿನಗಳಲ್ಲಿ ಹುಲಿವೇಷದ ತಾಸೆಯ ಸದ್ದು ಕೇಳಿದ ಕೂಡಲೇ ಮಕ್ಕಳು ಬಾಗಿಲಿಗೆ ಓಡುತ್ತಾರೆ, ಆಮೇಲೆ ಬಿಸ್ಕತ್ ಡಬ್ಬಿ ಬಡಿಯುತ್ತಾರೆ. ಬಡಿಯಲಿ ಬಿಡಿ. ಆ ಡಬ್ಬಿಯಲ್ಲೇ ಮನೆಯವರ ಹೆಸರು ಬಡಿಸಿ. ಫಾ-ತಿ-ಮಾ, ಮೂರು ಪೆಟ್ಟು. ಸ-ಲೀಂ, ಎರಡು. ಮಾತನ್ನು ಹೀಗೆ ತುಂಡುಮಾಡಲು ಬಂದ ಮಗುವಿಗೆ ಮುಂದೆ ಓದು ಸಲೀಸು. ನೆರೆಮನೆಯ ಹಬ್ಬದ ಬಗ್ಗೆ ಮಗು ಪ್ರಶ್ನೆ ಕೇಳಿದರೆ "ಸುಮ್ಮನಿರು" ಎನ್ನಬೇಡಿ. ಅದು ಅವರ ಹಬ್ಬ, ಹೀಗೆ ಆಚರಿಸುತ್ತಾರೆ ಎಂದು ಗೌರವದಿಂದ ಹೇಳಿ.

ಮೈಸೂರಿನ ಜಂಬೂಸವಾರಿಯ ಆನೆಗಳನ್ನು ಟಿ.ವಿ.ಯಲ್ಲಿ ನೋಡುವಾಗ ಮಕ್ಕಳಿಗೆ ಹೇಳಲು ನನ್ನ ಬಳಿ ಎರಡು ಸಂಗತಿಗಳಿವೆ. ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಆನೆ ಒಮ್ಮೆಲೇ ಹೊರುವುದಿಲ್ಲ. ವಾರಗಟ್ಟಲೆ ಮೊದಲೇ ಮರಳು ಮೂಟೆಗಳನ್ನು ಹೊರಿಸಿ, ದಿನ ಕಳೆದಂತೆ ಭಾರ ಹೆಚ್ಚಿಸಿ ತಾಲೀಮು ನಡೆಸುತ್ತಾರೆ. ಎಲ್‌ಕೆಜಿ ಮಗುವಿನ ಬೆನ್ನಿಗೆ ಮೊದಲ ದಿನವೇ ಅಂಬಾರಿ ಏರಿಸುವ ಪೋಷಕರೂ ಇದನ್ನು ಕೇಳಿಸಿಕೊಂಡರೆ ಒಳ್ಳೆಯದು. ಎರಡನೆಯದು, ಆನೆಗಳ ಜೊತೆ ಕಾಡಿನ ಶಿಬಿರಗಳಿಂದ ಬರುವ ಮಾವುತರ, ಕಾವಾಡಿಗಳ ಮಕ್ಕಳಿಗಾಗಿ ಅರಮನೆ ಆವರಣದಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಊರಿಗೆಲ್ಲ ಹಬ್ಬದ ಸಡಗರ, ಈ ಮಕ್ಕಳಿಗೆ ಆನೆಯ ಪಕ್ಕದಲ್ಲಿ ಪಾಠ!

ಈ ರಜೆಯ ಅತ್ಯುತ್ತಮ ಪಾಠ ಮಾತ್ರ ಆಕಾಶದಲ್ಲಿದೆ. ನವರಾತ್ರಿ ಶುರುವಾಗುವುದು ಅಮಾವಾಸ್ಯೆಯ ಮರುದಿನ. ಅಂದರೆ ಅದೇ ಒಂದೆರಡು ದಿನಗಳಲ್ಲಿ ನಮ್ಮ ಹಿಜರಿ ತಿಂಗಳೂ ಹುಟ್ಟುತ್ತದೆ. ರಮಝಾನ್ ಮತ್ತು ಹಬ್ಬಗಳಿಗೆ ಮಾತ್ರ ಚಂದ್ರನನ್ನು ಹುಡುಕುವ ನಮಗೆ ಉಳಿದ ತಿಂಗಳುಗಳ ಚಂದ್ರನ ನೆನಪೇ ಇರುವುದಿಲ್ಲ. ಮಗ್ರಿಬ್ ಆದ ಮೇಲೆ ಮಗುವನ್ನು ಟೆರೇಸಿಗೆ ಕರೆದೊಯ್ದು ಪಡುವಣದಲ್ಲಿ ಹುಡುಕಿ. ಮೊದಲು ಉಗುರಿನಂತಹ ಗೆರೆ. ದಿನ ಕಳೆದಂತೆ ದಪ್ಪವಾಗುತ್ತಾ, ಮೇಲೇರುತ್ತಾ, ಎಂಟನೇ ದಿನದ ಹೊತ್ತಿಗೆ ಅರ್ಧ ರೊಟ್ಟಿಯಂತೆ ದಕ್ಷಿಣದ ಎತ್ತರದಲ್ಲಿ. ಪ್ರತಿದಿನ ಒಂದು ಚೌಕದಲ್ಲಿ ಮಗು ಕಂಡದ್ದನ್ನು ಕಂಡಂತೆ ಬರೆಯಲಿ. ಮೋಡವಿದ್ದರೆ ಮೋಡವನ್ನೇ ಬರೆಯಲಿ. ಗುಡುಗು-ಸಿಡಿಲಿದ್ದರೆ ಮಾತ್ರ ಟೆರೇಸಿಗೆ ಹೋಗುವುದೇ ಬೇಡ.

ಆರೇಳು ವರ್ಷದ ಮಗು ಆಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತದೆ: ದಸರಾ ಯಾವಾಗಲೂ ಮಳೆ ಹಿಂದೆ ಸರಿಯುವಾಗಲೇ ಬರುತ್ತದೆ, ನಮ್ಮ ಪೆರ್ನಾಲ್ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಯಲ್ಲಿ ಏಕೆ? ಉತ್ತರ ಸರಳ. ಎರಡೂ ಲೆಕ್ಕಗಳು ಚಂದ್ರನದೇ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಪಂಚಾಂಗದವರು ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಹಬ್ಬವನ್ನು ಋತುವಿಗೆ ಹೊಂದಿಸುತ್ತಾರೆ. ನಾವು ಸೇರಿಸುವುದಿಲ್ಲ, ಆದ್ದರಿಂದ ನಮ್ಮ ಹಬ್ಬ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ.

ಇದೆಲ್ಲದರ ನಡುವೆ ಒಂದು ಮಾತು ಹೇಳದೆ ಹೋಗಲಾರೆ. ರಜೆ ಬಂತೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಎಂಟು ವರ್ಷದ ಹುಡುಗಿಯ ಸೊಂಟಕ್ಕೆ ತಮ್ಮನನ್ನು ಏರಿಸಿ, ಕೈಗೆ ಪಾತ್ರೆ ಕೊಡುತ್ತೇವೆ. ಅದೇ ವಯಸ್ಸಿನ ಹುಡುಗನಿಗೆ ಸೈಕಲ್ಲು, ಕ್ರಿಕೆಟ್ಟು. ಕೆಲಸ ಕಲಿಯುವುದು ತಪ್ಪಲ್ಲ, ಆದರೆ ಅದು ಇಬ್ಬರಿಗೂ ಇರಲಿ. ಈರುಳ್ಳಿ ಸಿಪ್ಪೆ ಹುಡುಗನೂ ಸುಲಿಯಲಿ, ಚೆನ್ನೆಮಣೆಗೆ ಹುಡುಗಿಯೂ ಕೂರಲಿ.

ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ದಿನಕ್ಕೆ ಅರ್ಧ ಗಂಟೆ, ಅದೂ ಮಗುವಿಗೆ ಮನಸ್ಸಿದ್ದರೆ. ಉಳಿದ ಹೊತ್ತು ಮಣ್ಣಿನಲ್ಲಿ ಆಡಲಿ. ಶಾಲೆ ತೆರೆಯುವ ದಿನ ಚಂದ್ರನ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟು ಕಳಿಸಿ, ಮಗುವಿನ ಶಿಕ್ಷಕಿಗೆ ತೋರಿಸಲು ಹೇಳಿ. ಮೋಡ ಬರೆದ ಚೌಕಗಳೇ ಹೆಚ್ಚಿದ್ದರೂ ಅಡ್ಡಿಯಿಲ್ಲ.