ಕಾರಂತರ ವೃತ್ತಿವೈವಿಧ್ಯವೂ ಕಾದಂಬರಿರಚನೆಯೂ

ಕೋಟದ ಶಿವರಾಮ ಕಾರಂತರು (1902–1997) ಕೈಯಿಕ್ಕದ ಕಾರ್ಯವಿಲ್ಲವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಇಷ್ಟು ಕಡೆಗೆ ಹರಿದ ಶಕ್ತಿಯು ಕಾದಂಬರಿಯೊಂದರಲ್ಲೇ ನೆಲೆನಿಂತಿದ್ದರೆ ಫಲವು ಇನ್ನೂ ಹಿರಿದಾಗುತ್ತಿತ್ತಲ್ಲವೆ ಎಂದು ಶಂಕಿಸುವವರುಂಟು. ಈ ಶಂಕೆಯು ವಿಚಾರಾರ್ಹವಾದುದು.

ಮಮ್ಮಟಾಚಾರ್ಯನು ಕಾವ್ಯಹೇತುವನ್ನು ನಿರೂಪಿಸುವಲ್ಲಿ ಶಕ್ತಿಯೊಡನೆ ಲೋಕ, ಶಾಸ್ತ್ರ, ಕಾವ್ಯಾದಿಗಳ ಅವೇಕ್ಷಣದಿಂದ ಬರುವ ನೈಪುಣ್ಯವನ್ನೂ, ಬಲ್ಲವರ ಶಿಕ್ಷಣದಿಂದಾಗುವ ಅಭ್ಯಾಸವನ್ನೂ ಹೇಳಿ, ಈ ಮೂರೂ ಕೂಡಿ ಒಂದೇ ಹೇತುವೆಂದು ನಿರ್ಣಯಿಸಿದ್ದಾನೆ. ಲೋಕವೆಂಬುದು ಅಲ್ಲಿ ಮೊದಲು ಬಂದಿದೆ. ಪಾಠಶಾಲೆಗಳಲ್ಲಿ ನಾವು ಶಾಸ್ತ್ರಕಾವ್ಯಗಳನ್ನು ಹಿಡಿದು ಲೋಕವನ್ನು ವ್ಯಾಖ್ಯಾನಕ್ಕೆ ಬಿಟ್ಟುಬಿಡುವುದೇ ವಾಡಿಕೆ. ಕಾರಂತರಾದರೋ ಲೋಕವನ್ನು ನೋಡಿದ್ದು ಮಾತ್ರವಲ್ಲ, ಅದರಲ್ಲಿ ಕೈಮುಟ್ಟಿ ದುಡಿದರು.

ಅಸಹಕಾರದ ಕಾಲದಲ್ಲಿ ಕಾಲೇಜನ್ನು ತೊರೆದು ಖಾದಿಪ್ರಚಾರಕ್ಕಿಳಿದರು. ‘ವಸಂತ’ವೆಂಬ ಮಾಸಪತ್ರಿಕೆಯನ್ನು ನಡೆಸಿದರು, ನಾಟಕಗಳನ್ನು ಬರೆದು ಆಡಿಸಿದರು, 1930ರ ಸುಮಾರಿಗೆ ಎರಡು ಮೂಕಚಿತ್ರಗಳನ್ನೂ ತೆಗೆದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣವನ್ನು ಹೊಸ ರೀತಿಯಲ್ಲಿ ಪ್ರಯೋಗಿಸಿ, ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ರಚಿಸಿದರು. ಇಂಥ ಕೋಶಕ್ಕೆ ಪಂಡಿತಮಂಡಲಿಯೇ ಬೇಕೆಂದು ನಂಬಿದ ನಮ್ಮಂಥವರಿಗೆ ಇದು ಇಂದಿಗೂ ಆಶ್ಚರ್ಯವೇ. ಯಕ್ಷಗಾನದ ಶೋಧನೆಯಂತೂ ದಶಕಗಳ ತಪಸ್ಸು. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವು ಸಂದಿತು.

ಇನ್ನು ಕಾದಂಬರಿಗಳನ್ನು ನೋಡೋಣ. ‘ಚೋಮನ ದುಡಿ’ಯಲ್ಲಿ (1933) ಚೋಮನು ಬಯಸುವುದು ಉಳಲೊಂದು ತುಂಡು ನೆಲ, ಜಾತಿಯ ಕಾರಣದಿಂದ ಅದು ಅವನಿಗೆ ದೊರೆಯದು. ಸಾಲ ತೀರಿಸಲು ಕಾಫಿತೋಟಕ್ಕೆ ಹೋದ ಮಕ್ಕಳಲ್ಲಿ ಚನಿಯನು ಜ್ವರದಿಂದ ಸಾಯುತ್ತಾನೆ. ಸಾಲ, ಕೂಲಿ, ಜ್ವರ ಇವುಗಳ ಕಾರ್ಯಕಾರಣಸಂಬಂಧವು ಇಲ್ಲಿ ಒಕ್ಕಣೆಯ ಲೆಕ್ಕದಷ್ಟು ಸ್ಪಷ್ಟವಾಗಿದೆ. ಕರುಣರಸವು ಆ ಲೆಕ್ಕದಿಂದಲೇ ಹುಟ್ಟುತ್ತದೆ, ವಿಲಾಪವಾಕ್ಯಗಳಿಂದಲ್ಲ. ‘ಬೆಟ್ಟದ ಜೀವ’ದ (1943) ಗೋಪಾಲಯ್ಯನು ಕಾಡನ್ನು ಕಡಿದು ಅಡಕೆಯ ತೋಟವನ್ನು ಎಬ್ಬಿಸಿದವನು. ಪುತ್ತೂರಿನ ಸೀಮೆಯಲ್ಲಿ ಬಹುಕಾಲ ನೆಲಸಿ, ಮಲೆಯ ಸೆರಗಿನ ಬಾಳನ್ನು ಬಲ್ಲವರಿಗಲ್ಲದೆ ಆ ಮುದುಕನ ಹೆಮ್ಮೆಯೂ ಮಗನು ಬಿಟ್ಟುಹೋದ ನೋವೂ ಒಂದೇ ಮಾತಿನಲ್ಲಿ ಧ್ವನಿಸುವಂತೆ ಬರೆಯಲು ಬಾರದು.

‘ಮರಳಿ ಮಣ್ಣಿಗೆ’ಯು ಈ ವಿಚಾರಕ್ಕೆ ಅತ್ಯಂತ ಸಮೀಪವಾದುದು. ಪಾರೋತಿ, ಸರಸೋತಿಯರ ದುಡಿಮೆಯನ್ನು ಗ್ರಂಥಕಾರರು ಎಲ್ಲಿಯೂ ಹೊಗಳುವುದಿಲ್ಲ. ದಿನಚರಿಯಂತೆ ಹೇಳುತ್ತ ಹೋಗುತ್ತಾರೆ. ಮೂರನೆಯ ತಲೆಯ ರಾಮನು ಓದು, ಚಳವಳಿ, ಚಿತ್ರ, ಸಂಗೀತಗಳನ್ನೆಲ್ಲ ಕಂಡು, ಕೆಲಸವನ್ನರಸಿ ಮುಂಬಯಿಗೆ ಹೋಗಿ, ಕಡೆಗೆ ಊರಿಗೆ ಹಿಂದಿರುಗುತ್ತಾನೆ. ಅವನಲ್ಲಿ ಗ್ರಂಥಕಾರರ ಛಾಯೆಯು ಕಾಣುವುದಾದರೂ, ಅವನೇ ಇವರೆಂದು ಹೇಳುವುದು ಅತಿವ್ಯಾಪ್ತಿದೋಷವಾದೀತು.

ಶಂಕೆಯಲ್ಲಿ ಸತ್ಯಾಂಶವೇ ಇಲ್ಲವೆಂದಲ್ಲ. ನಲವತ್ತಕ್ಕೂ ಮಿಕ್ಕ ಕಾದಂಬರಿಗಳಲ್ಲಿ ಕೆಲವು ಅವಸರದವು. ಪ್ರಚಾರಕನ ಹಳೆಯ ಕಂಠವು ಪಾತ್ರದ ಬಾಯಲ್ಲಿ ಕೇಳಿಸುವುದುಂಟು. ಆದರೆ ಈ ದೋಷಕ್ಕೆ ಹೇತುವು ವೃತ್ತಿಗಳ ಬಾಹುಳ್ಯವಲ್ಲ, ಅನುಭವವು ಪಕ್ವವಾಗುವ ಮುನ್ನವೇ ಲೇಖನಿಯನ್ನು ಹಿಡಿದದ್ದು ಎಂಬುದು ನಮ್ಮ ಮತ. ಅಧ್ಯಾಪಕರು ‘ಮರಳಿ ಮಣ್ಣಿಗೆ’ಯನ್ನು ಪಾಠಹೇಳುವಾಗ, ಕಾರಂತರ ಆತ್ಮಚರಿತ್ರೆಯಾದ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಗ್ರಂಥವನ್ನೂ ಪಕ್ಕದಲ್ಲಿಟ್ಟುಕೊಂಡರೆ, ರಾಮನ ಅಲೆದಾಟದಲ್ಲಿ ಕಂಡದ್ದೆಷ್ಟು, ಕಲ್ಪಿಸಿದ್ದೆಷ್ಟು ಎಂಬುದನ್ನು ವಿದ್ಯಾರ್ಥಿಗಳು ತಾವೇ ವಿವೇಚಿಸಬಲ್ಲರು.